ತೊಟ್ಟಿಲಿನಿಂದ ಮೊದಲಾಗುವ ಪಾಠ: ಶಿಶುವಿಗೆ ಮಾತು, ಅಂಕಿ, ಅಕ್ಷರ

ತಾಯಿಯ ಗರ್ಭದಲ್ಲಿರುವಾಗಲೇ ಶಿಶುವಿನ ಕಿವಿ ತನ್ನ ಕೆಲಸವನ್ನು ಆರಂಭಿಸಿರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ದನಿಯನ್ನು ಇತರರ ದನಿಯಿಂದ ಬೇರ್ಪಡಿಸಿ ಗುರುತಿಸಬಲ್ಲದು. ಆದುದರಿಂದ ಶಿಕ್ಷಣದ ಆರಂಭ ತೊಟ್ಟಿಲಿನಲ್ಲಿಯೇ ಎಂಬ ಹಿರಿಯರ ಮಾತು ನಿಜವೇ ಸರಿ. ಆದರೆ ಆ ಶಿಕ್ಷಣದ ಸ್ವರೂಪವೇನು? ಎರಡು ವರ್ಷದ ಕೂಸಿಗೆ ಓದು, ಲೆಕ್ಕ, ಇಂಗ್ಲಿಷು ಇವೆಲ್ಲವನ್ನೂ ಕಲಿಸಬೇಕೆ? ಕಲಿಸಹೊರಟರೆ ಮನೆಮಾತಾದ ಕನ್ನಡದ ಗತಿಯೇನು? ಮಹಾನಗರದಲ್ಲಿ ನೆಲೆಸಿದ ಕನ್ನಡ ದಂಪತಿಗಳನ್ನು ಕಾಡುವ ಪ್ರಶ್ನೆಗಳಿವು.

ಚೀಟಿಗಳಿಂದ ಓದು ಬರುವುದೆ?

ದೊಡ್ಡ ಅಕ್ಷರಗಳಲ್ಲಿ ಪದಗಳನ್ನು ಬರೆದ ರಟ್ಟಿನ ಚೀಟಿಗಳನ್ನು ಒಂದರ ಹಿಂದೊಂದಾಗಿ ತೋರಿಸಿದರೆ ಶಿಶುಗಳೂ ಓದಬಲ್ಲವೆಂದು ಅಮೆರಿಕದ ಗ್ಲೆನ್ ಡೋಮನ್ 1964ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಈ ವಿಚಾರ ಲೋಕಪ್ರಿಯವಾಗಿ, ಅದೇ ಬಗೆಯ ಚೀಟಿಗಳೂ ಚಿತ್ರಮುದ್ರಿಕೆಗಳೂ ಮಾರುಕಟ್ಟೆಗೆ ಬಂದವು. ಇಂತಹ ಒಂದು ಸಾಮಗ್ರಿಯನ್ನು ಸೂಸನ್ ನ್ಯೂಮನ್ ಮತ್ತು ಸಂಗಡಿಗರು 117 ಶಿಶುಗಳ ಮೇಲೆ ಏಳು ತಿಂಗಳ ಕಾಲ ಪರೀಕ್ಷಿಸಿ, 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಾಮಗ್ರಿಯನ್ನು ಬಳಸಿದ ಶಿಶುಗಳಿಗೆ ಓದು ಬಂದಿರಲಿಲ್ಲ. ಬಂದಿದೆಯೆಂಬ ನಂಬಿಕೆ ಮಾತ್ರ ತಂದೆತಾಯಿಗಳಲ್ಲಿ ಬಲವಾಗಿತ್ತು.

ಇನ್ನೊಂದು ಪ್ರಯೋಗವೂ ಗಮನಾರ್ಹವಾದುದು. ಪೆಟ್ರೀಷಿಯಾ ಕೂಲ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳೊಡನೆ ಚೀನೀ ಭಾಷಿಕರು 12 ಬಾರಿ ಆಟವಾಡುತ್ತ ಮಾತನಾಡಿದರು. ಆ ಶಿಶುಗಳು ಚೀನೀ ಧ್ವನಿಭೇದಗಳನ್ನು ಗ್ರಹಿಸಲು ಕಲಿತವು. ಅದೇ ಮಾತನ್ನು ದೂರದರ್ಶನದ ಪರದೆಯಲ್ಲಿ ನೋಡಿದ ಶಿಶುಗಳು ಏನನ್ನೂ ಕಲಿಯಲಿಲ್ಲ. ಶಿಶುವಿಗೆ ಗುರುವಾಗಬಲ್ಲುದು ತನ್ನ ಕಣ್ಣನ್ನು ನೋಡಿ ನಗುವ, ತನ್ನ ತೊದಲಿಗೆ ಮಾರುತ್ತರ ಕೊಡುವ ಜೀವಂತ ಮುಖವೇ. ಒಂದು ವರ್ಷ ತುಂಬದ ಮಗುವಿಗೆ ಪರದೆಯ ವೀಕ್ಷಣೆ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಸೂಚಿಸಿದೆ.

ಹಲವು ಭಾಷೆಗಳ ನಡುವೆ

ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ, ನಾಸಿಕ ಜಿಲ್ಲೆಗೆ ಸೇರಿದ ಚಾಂದವಡ್ ಎಂಬ ಊರಿದೆ. ಹೋಳ್ಕರರ ಕಾಲದ ರಂಗಮಹಲು ಮತ್ತು ರೇಣುಕಾದೇವಿಯ ಗುಡಿಗಾಗಿ ಅದು ಪ್ರಸಿದ್ಧ. ಸವದತ್ತಿಯ ಎಲ್ಲಮ್ಮನೂ ರೇಣುಕೆಯೇ ಆದುದರಿಂದ ಕನ್ನಡಿಗರಿಗೆ ಆ ದೇವಿ ಅಪರಿಚಿತಳಲ್ಲ. ಅಲ್ಲಿಗೆ ವರ್ಗವಾಗಿ ಹೋದ ಕನ್ನಡ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಹೆದ್ದಾರಿಯ ಅಂಗಡಿಗಳಲ್ಲಿ ಹಿಂದಿ, ಮುಂದೆ ಶಾಲೆಯಲ್ಲಿ ಇಂಗ್ಲಿಷು. ಮುಂಬಯಿಯ ಮಗುವಿನ ಸ್ಥಿತಿಯೂ ಇದೇ. ಆದರೆ ಮುಂಬಯಿಯಲ್ಲಿ ಕನ್ನಡಕ್ಕೆ ಸಂಘಸಂಸ್ಥೆಗಳ ಆಸರೆಯಿದೆ. ಚಾಂದವಡ್‌ನಂತಹ ಊರಿನಲ್ಲಿ ಕನ್ನಡದ ಭಾರವೆಲ್ಲ ಮನೆಯ ಮೇಲೆಯೇ ಬೀಳುತ್ತದೆ.

ಇಷ್ಟು ಭಾಷೆಗಳಿಂದ ಮಗು ಗೊಂದಲಕ್ಕೀಡಾಗುವುದೆಂಬ ಭಯಕ್ಕೆ ಆಧಾರವಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆಗಳನ್ನು ಬೆರೆಸಿ ಆಡುವುದು ಆ ವಯಸ್ಸಿಗೆ ಸಹಜವಾದ ಹಂತ. ತಂದೆತಾಯಿಗಳು ತಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಮಾತನಾಡುವುದೇ ಮುಖ್ಯ. ತಡವರಿಸುತ್ತ ಆಡುವ ಹತ್ತು ಇಂಗ್ಲಿಷ್ ಪದಗಳಿಗಿಂತ ಅಜ್ಜಿ ಹೇಳುವ ಒಂದು ಕನ್ನಡ ಕಥೆಯಲ್ಲಿ ಮಗುವಿಗೆ ದೊರೆಯುವ ಪದಸಂಪತ್ತು, ವಾಕ್ಯರಚನೆ, ಭಾವ ಇವೆಲ್ಲ ಹೆಚ್ಚು. ಈ ಗಟ್ಟಿ ನೆಲೆಯ ಮೇಲೆ ಇತರ ಭಾಷೆಗಳು ಸುಲಭವಾಗಿ ಬೆಳೆಯುತ್ತವೆ.

ಲೆಕ್ಕಕ್ಕೆ ಕನ್ನಡದ ನೆರವು

ಎಣಿಕೆಯ ವಿಷಯದಲ್ಲಿ ಕನ್ನಡವು ಮಗುವಿಗೆ ವಿಶೇಷ ಅನುಕೂಲವನ್ನು ಒದಗಿಸುತ್ತದೆ. ಮರಾಠಿಯಲ್ಲಿ 27 ಎಂಬುದು ‘ಸತ್ತಾವೀಸ್’. ಏಳು ಮೊದಲು, ಇಪ್ಪತ್ತು ಅನಂತರ. 29 ಎಂಬುದು ‘ಏಕೋಣತೀಸ್’. ಮೂವತ್ತಕ್ಕೆ ಒಂದು ಕಡಿಮೆ ಎಂದರ್ಥ. ಈ ತೊಡಕನ್ನು ಮನಗಂಡು ಮಹಾರಾಷ್ಟ್ರದ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ 2019ರಲ್ಲಿ ‘ವೀಸ್ ಏಕ್’ ಎಂಬಂತಹ ಸರಳ ಕ್ರಮವನ್ನು ಸೇರಿಸಿದಾಗ ರಾಜ್ಯದಲ್ಲಿ ದೊಡ್ಡ ವಾದವಿವಾದವೇ ನಡೆಯಿತು. ಗಣಿತಜ್ಞೆ ಮಂಗಳಾ ನಾರಳೀಕರ್ ಈ ಬದಲಾವಣೆಯನ್ನು ಸಮರ್ಥಿಸಿದರು. ಕನ್ನಡದ ಇಪ್ಪತ್ತೊಂದು, ಇಪ್ಪತ್ತೇಳು, ಇಪ್ಪತ್ತೊಂಬತ್ತುಗಳಲ್ಲಿ ಹತ್ತರ ಸ್ಥಾನವೂ ಬಿಡಿಯ ಸ್ಥಾನವೂ ಬರೆಯುವ ಕ್ರಮದಲ್ಲಿಯೇ ಕೇಳಿಸುತ್ತವೆ.

ಆದರೆ ಬಾಯಿಪಾಠವೇ ಲೆಕ್ಕವಲ್ಲ. ನೂರರವರೆಗೆ ಒಪ್ಪಿಸುವ ಮಗು ‘ನಾಲ್ಕು ಚಮಚ ತಾ’ ಎಂದರೆ ಮುಷ್ಟಿ ತುಂಬ ತರುವುದುಂಟು. ಮೆಟ್ಟಿಲೇರುವಾಗ, ಈರುಳ್ಳಿ ಬುಟ್ಟಿಗೆ ಹಾಕುವಾಗ, ಊಟಕ್ಕೆ ತಟ್ಟೆಯಿಡುವಾಗ ಒಂದೊಂದಾಗಿ ಮುಟ್ಟಿ ಎಣಿಸಿದರೆ ಸಂಖ್ಯೆಯ ಅರ್ಥ ಮನಸ್ಸಿನಲ್ಲಿ ನಿಲ್ಲುತ್ತದೆ. ಇದೇ ಮಹಾರಾಷ್ಟ್ರದ ಬೋರ್ಡಿ ಹಾಗೂ ಕೋಸಬಾಡಗಳಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ದುಬಾರಿ ಉಪಕರಣಗಳ ಬದಲು ಬೀಜ, ಎಲೆ, ಕಲ್ಲು, ಚಿಪ್ಪುಗಳಿಂದಲೇ ಆದಿವಾಸಿ ಮಕ್ಕಳಿಗೆ ಕಲಿಸಿ ತೋರಿಸಿದರು.

ಅಕ್ಷರಕ್ಕೆ ಅವಸರ ಬೇಡ

ಕಾಗುಣಿತ ಮತ್ತು ಒತ್ತಕ್ಷರಗಳಿಂದ ಕೂಡಿದ ಕನ್ನಡ ಲಿಪಿಯನ್ನು ಪೂರ್ಣವಾಗಿ ಕಲಿಯಲು ಶಾಲಾಮಕ್ಕಳಿಗೂ ಕೆಲವು ವರ್ಷಗಳೇ ಬೇಕೆಂಬುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿಕೊಟ್ಟಿದೆ. ಹೀಗಿರುವಾಗ ಎರಡು ವರ್ಷದ ಕೂಸಿನ ಕೈಗೆ ಬಳಪ ಕೊಟ್ಟು ತಿದ್ದಿಸುವುದು ವ್ಯರ್ಥಶ್ರಮ. ಶಿಶುಗೀತೆ, ಪ್ರಾಸದ ಆಟ, ಮಡಿಲಲ್ಲಿ ಕೂರಿಸಿಕೊಂಡು ಓದುವ ಚಿತ್ರಪುಸ್ತಕ ಇವು ಅಕ್ಷರಕ್ಕೆ ಬೇಕಾದ ಕಿವಿಯನ್ನು ಸಿದ್ಧಪಡಿಸುತ್ತವೆ. ಮಗು ತಾನಾಗಿ ‘ಇದೇನು?’ ಎಂದು ಕೇಳಿದಾಗ ಅದರ ಹೆಸರಿನ ಮೊದಲ ಅಕ್ಷರವನ್ನು ತೋರಿಸಿದರೆ ಸಾಕು.

ಮಾತು ತಡವಾದರೆ

ಇಲ್ಲಿಯೇ ಅತಿದೊಡ್ಡ ಅಪಾಯವಿದೆ. ಮಗು ಮಾತನಾಡಲು ತಡಮಾಡಿದರೆ, ‘ಎರಡು ಭಾಷೆ ಕಿವಿಗೆ ಬಿದ್ದುದರಿಂದ ಹೀಗಾಯಿತು, ಮನೆಯಲ್ಲಿ ಕನ್ನಡ ಬಿಡಿ’ ಎಂಬ ಸಲಹೆ ಸುಲಭವಾಗಿ ದೊರೆಯುತ್ತದೆ. ಎರಡು ಭಾಷೆಗಳಿಂದ ಮಾತಿಗೆ ಕುಂದು ಉಂಟಾಗುವುದಿಲ್ಲ. ಈ ತಪ್ಪು ಸಲಹೆಯಿಂದ ಮಗು ಅಜ್ಜಅಜ್ಜಿಯರ ಮಾತನ್ನು ಕಳೆದುಕೊಳ್ಳುವುದಲ್ಲದೆ, ನಿಜವಾದ ಕಾರಣವಾದ ಕಿವುಡುತನವೋ ಬೆಳವಣಿಗೆಯ ತೊಂದರೆಯೋ ಅಮೂಲ್ಯ ತಿಂಗಳುಗಳ ಕಾಲ ಮರೆಯಾಗಿಯೇ ಉಳಿಯಬಹುದು.

ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ತಡಮಾಡದೆ ಮಕ್ಕಳ ವೈದ್ಯರನ್ನು ಕಾಣಬೇಕು; ಕಿವಿಯ ಪರೀಕ್ಷೆಯನ್ನೂ ಮಾಡಿಸಬೇಕು.

1. 12 ತಿಂಗಳಾದರೂ ತೊದಲು ನುಡಿ, ಕೈಸನ್ನೆ ಇಲ್ಲದಿರುವುದು.
2. 16 ತಿಂಗಳಾದರೂ ಯಾವ ಭಾಷೆಯ ಒಂದು ಪದವೂ ಬಾರದಿರುವುದು.
3. 24 ತಿಂಗಳಾದರೂ ಎರಡು ಪದಗಳನ್ನು ಜೋಡಿಸಿ ಆಡದಿರುವುದು.
4. ಕಲಿತ ಮಾತನ್ನು ಯಾವುದೇ ವಯಸ್ಸಿನಲ್ಲಿ ಕಳೆದುಕೊಳ್ಳುವುದು.

ಪದಗಳನ್ನು ಲೆಕ್ಕ ಹಾಕುವಾಗ ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಬೇಕು. ಮುಂಬಯಿಯ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವು ಈ ಕ್ಷೇತ್ರದಲ್ಲಿ ಹೆಸರಾದವು.

ಸ್ನಾನ, ಊಟ, ಜೋಗುಳ ಇವೇ ಶಿಶುವಿನ ಪಾಠದ ವೇಳೆಗಳು. ದಿನದ ದುಡಿಮೆಯಿಂದ ದಣಿದು ಬಂದ ತಂದೆತಾಯಿಗಳು ಅರ್ಧ ಗಂಟೆಯಾದರೂ ಪರದೆಗಳನ್ನು ಆರಿಸಿ, ಮಗುವಿನೊಡನೆ ಕನ್ನಡದಲ್ಲಿ ಹರಟಿದರೆ ಓದು, ಲೆಕ್ಕ, ಭಾಷೆ ಈ ಮೂರಕ್ಕೂ ಭದ್ರವಾದ ತಳಹದಿ ಬೀಳುತ್ತದೆ.