ಕೃಷಿ ಯಂತ್ರ ದುರಸ್ತಿಯ ವಿದ್ಯೆ: ಹಾಕಿದ ಹಣ ಹಿಂದಕ್ಕೆ ಬರುವುದೇ?

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮೇಲೆ ರೈತ ಬಾಂಧವರು ಕೇಳುವ ಪ್ರಶ್ನೆಯೊಂದಿದೆ. "ಸ್ವಾಮೀ, ಹುಡುಗ ಪಾಸಾಗಿದ್ದಾನೆ, ಅಂಕ ಸಾಧಾರಣ. ಕಾಲೇಜಿಗೆ ಹಾಕಿದರೆ ಓದುತ್ತಾನೋ ಇಲ್ಲವೋ. ಸಾಲ ಮಾಡಿ ಒಂದು ಟ್ರ್ಯಾಕ್ಟರು ತೆಗೆದುಕೊಟ್ಟರೆ ಹೇಗೆ?" ಕೊಡಬಹುದು. ಆದರೆ ನಾಟಿಯ ಕಾಲದಲ್ಲಿ ಆ ಟ್ರ್ಯಾಕ್ಟರು ಕೆಸರುಗದ್ದೆಯ ನಡುವೆ ನಿಂತರೆ ಬಿಚ್ಚಿ ನೋಡುವವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ? ಪೇಟೆಯ ಮೇಸ್ತ್ರಿಗೆ ಆ ಹದಿನೈದು ದಿನ ಎಲ್ಲ ಊರಿನಿಂದಲೂ ಕರೆ ಇರುತ್ತದೆ. ನಿಮ್ಮ ಸರದಿ ಬರುವಷ್ಟರಲ್ಲಿ ಹದ ಹೋಗಿರುತ್ತದೆ.

ಟ್ರ್ಯಾಕ್ಟರು ಕೊಳ್ಳುವ ಮೊದಲು ಮಗನಿಗೆ ಅದರ ದುರಸ್ತಿ ಕಲಿಸುವುದು ಲಾಭವೇ, ನಷ್ಟವೇ ಎಂಬುದನ್ನು ಇಲ್ಲಿ ಲೆಕ್ಕ ಹಾಕಿ ನೋಡೋಣ. "ವಿದ್ಯೆ ಎಂದೂ ನಷ್ಟವಲ್ಲ" ಎಂದು ಹೇಳಿ ಕಳುಹಿಸುವುದು ಸುಲಭ. ಆದರೆ ಮೂರು ಎಕರೆಯ ಒಕ್ಕಲಿಗನಿಗೆ ಒಂದು ವರ್ಷದ ಕೂಲಿ ಸಣ್ಣ ಮೊತ್ತವಲ್ಲ.

ಕಲಿಯುವುದು ಎಲ್ಲಿ?

ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐ.ಟಿ.ಐ.ಗಳಲ್ಲಿ, ಇದಕ್ಕೆ ಹೊಂದುವ ವೃತ್ತಿಗಳು ಮುಖ್ಯವಾಗಿ ಮೂರು. ಟ್ರ್ಯಾಕ್ಟರ್ ಮೆಕ್ಯಾನಿಕ್ ಮತ್ತು ಡೀಸೆಲ್ ಮೆಕ್ಯಾನಿಕ್ ತರಬೇತಿಗಳು ಒಂದೊಂದು ವರ್ಷದವು. ಕೃಷಿ ಯಂತ್ರೋಪಕರಣ ಮೆಕ್ಯಾನಿಕ್ ಎರಡು ವರ್ಷದ್ದು. ಮೂರಕ್ಕೂ ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಕೊನೆಗೆ ಅಖಿಲ ಭಾರತ ವೃತ್ತಿ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಎರಡು ವರ್ಷದ ತರಬೇತಿ ಮುಗಿಸಿದವರಿಗೆ ಪಾಲಿಟೆಕ್ನಿಕ್ಕಿನ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಉಂಟು. ಎಲ್ಲ ಐ.ಟಿ.ಐ.ಗಳಲ್ಲೂ ಈ ವೃತ್ತಿಗಳಿಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಮಾತ್ರ ಇರುವ ಸಂಸ್ಥೆಗಳು ಬಹಳ. ವಿಚಾರಿಸದೆ ಅರ್ಜಿ ಹಾಕಬೇಡಿ. ಹೆಣ್ಣುಮಕ್ಕಳಿಗೂ ಇಲ್ಲಿ ಪ್ರವೇಶವಿದೆ ಎಂಬುದು ಅನೇಕ ತಂದೆತಾಯಿಯರಿಗೆ ಹೊಳೆಯುವುದೇ ಇಲ್ಲ.

ಖರ್ಚಿನ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಹಿಡಿದವು. ಪೆನ್ಸಿಲ್ ತೆಗೆದುಕೊಂಡು ನಿಮ್ಮ ಊರಿನ ಕೂಲಿ, ನಿಮ್ಮ ತಾಲ್ಲೂಕಿನ ಬಸ್ ಚಾರ್ಜು ಹಾಕಿ ತಿದ್ದಿಕೊಳ್ಳಿ.

ಹುಡುಗ ಊರಲ್ಲೇ ಉಳಿದರೆ ವರ್ಷಕ್ಕೆ 180 ದಿನ, ದಿನಕ್ಕೆ ರೂ. 400ರಂತೆ ರೂ. 72,000 ದುಡಿಯುತ್ತಾನೆ ಎಂದಿಟ್ಟುಕೊಳ್ಳಿ. ಸ್ವಂತ ಹೊಲದಲ್ಲಿ ದುಡಿದರೂ ಇದು ಕೂಲಿಯೇ. ಅವನಿಲ್ಲದಿದ್ದರೆ ಆಳಿಗೆ ಕೊಡಬೇಕಾದ ಹಣ. ತರಬೇತಿಯ ವರ್ಷದಲ್ಲಿ ರಜೆಯ ದಿನಗಳಲ್ಲಿ 40 ದಿನ ಮನೆ ಕೆಲಸಕ್ಕೆ ಒದಗಿದರೆ ಕಳೆದುಕೊಂಡ ಕೂಲಿ ರೂ. 56,000. ಶುಲ್ಕ, ಪುಸ್ತಕ, ಸಮವಸ್ತ್ರಕ್ಕೆ ರೂ. 8,000. ಬಸ್ಸು, ಊಟಕ್ಕೆ ಮನೆಯ ಖರ್ಚಿಗಿಂತ ಹೆಚ್ಚಾಗಿ ತಿಂಗಳಿಗೆ ರೂ. 2,500, ಅಂದರೆ ವರ್ಷಕ್ಕೆ ರೂ. 30,000. ಒಟ್ಟು ರೂ. 94,000. ಶುಲ್ಕವೊಂದನ್ನೇ ಖರ್ಚೆಂದು ತಿಳಿಯುವವರು ಇಲ್ಲಿ ತಪ್ಪುತ್ತಾರೆ. ದೊಡ್ಡ ಖರ್ಚು ಕಳೆದುಹೋದ ಕೂಲಿಯದು.

ಪ್ರಮಾಣಪತ್ರ ಪಡೆದ ಮೇಲೆ ಅಪ್ರೆಂಟಿಸ್ ಆಗಿ ಒಂದು ವರ್ಷ ಕಾರ್ಯಾಗಾರದಲ್ಲಿ ಕೆಲಸ ಮಾಡುವುದು ಅತ್ಯಗತ್ಯ ಎಂದು ನಮ್ಮ ಅಭಿಪ್ರಾಯ. ಈ ತರಬೇತಿ 1961ರ ಅಪ್ರೆಂಟಿಸ್ ಕಾಯಿದೆಯಂತೆ ನಡೆಯುತ್ತದೆ. ಐ.ಟಿ.ಐ. ಪ್ರಮಾಣಪತ್ರ ಉಳ್ಳವರಿಗೆ ತಿಂಗಳಿಗೆ ಕನಿಷ್ಠ ರೂ. 7,700 ಭತ್ಯೆಯನ್ನು 2019ರ ತಿದ್ದುಪಡಿಯಲ್ಲಿ ಗೊತ್ತುಮಾಡಲಾಯಿತು. ಆ ಲೆಕ್ಕದಲ್ಲಿ ವರ್ಷಕ್ಕೆ ರೂ. 92,400. ಪಟ್ಟಣದ ಬಾಡಿಗೆ, ಊಟದ ಹೆಚ್ಚುವರಿ ಖರ್ಚು ತಿಂಗಳಿಗೆ ರೂ. 3,000ದಂತೆ ರೂ. 36,000 ಕಳೆದರೆ ಉಳಿಯುವುದು ರೂ. 56,400. ಊರಲ್ಲಿದ್ದಿದ್ದರೆ ಬರುತ್ತಿದ್ದ ರೂ. 72,000ಕ್ಕೆ ಇದು ರೂ. 15,600 ಕಡಿಮೆ. ಎರಡೂ ವರ್ಷ ಸೇರಿ ನೀವು ಹೂಡಿದ್ದು ಸುಮಾರು ರೂ. 1,10,000.

ಗಳಿಕೆಯ ಲೆಕ್ಕ

ಮೂರನೇ ವರ್ಷದಿಂದ ಅವನಿಗೆ ಪಟ್ಟಣದ ಕಾರ್ಯಾಗಾರದಲ್ಲಿ ತಿಂಗಳಿಗೆ ರೂ. 14,000 ಸಿಕ್ಕಿತೆನ್ನಿ. ವರ್ಷಕ್ಕೆ ರೂ. 1,68,000, ಪಟ್ಟಣದ ಖರ್ಚು ಕಳೆದು ರೂ. 1,32,000, ಊರಿನ ಕೂಲಿಗಿಂತ ರೂ. 60,000 ಹೆಚ್ಚು. ಎರಡು ವರ್ಷದೊಳಗೆ ಹೂಡಿದ ಹಣ ತೀರುತ್ತದೆ.

ಇನ್ನು ಸಂಬಳ ರೂ. 10,000 ಎಂದು ಹಿಡಿದು ನೋಡಿ. ವರ್ಷಕ್ಕೆ ರೂ. 1,20,000, ಖರ್ಚು ಕಳೆದು ರೂ. 84,000, ಹೆಚ್ಚುವರಿ ಕೇವಲ ರೂ. 12,000. ಅದೇ ಹಣ ತೀರಲು ಒಂಬತ್ತು ವರ್ಷಕ್ಕೂ ಮೇಲೆ! ತಿಂಗಳಿಗೆ ನಾಲ್ಕು ಸಾವಿರದ ಅಂತರ ಎರಡು ವರ್ಷವನ್ನು ಒಂಬತ್ತು ಮಾಡಿತು. ಆದ್ದರಿಂದ "ಐ.ಟಿ.ಐ. ಮಾಡಿದರೆ ಕೆಲಸ ಸಿಗುತ್ತದೆ" ಎಂಬ ಮಾತಿಗೆ ತೃಪ್ತರಾಗಬೇಡಿ. ಯಾವ ಕೆಲಸ, ಎಷ್ಟು ಸಂಬಳ, ಇರುವುದು ಎಲ್ಲಿ ಎಂದು ಕೇಳಿ. ಹಿಂದಿನ ವರ್ಷ ಪಾಸಾದ ಇಬ್ಬರು ಮೂವರು ಹುಡುಗರನ್ನು ಹುಡುಕಿ ಅವರ ಬಾಯಿಂದಲೇ ಕೇಳುವುದು ಉತ್ತಮ.

ಊರಿಗೆ ಮರಳಿ ದುರಸ್ತಿ ಕೆಲಸ ಹಿಡಿಯುವವನ ಲೆಕ್ಕ ಬೇರೆ. ಹಂಗಾಮಿನಲ್ಲಿ 120 ದಿನ ಕೆಲಸ, ದಿನಕ್ಕೆ ರೂ. 900 ಎಂದರೆ ರೂ. 1,08,000. ಉಪಕರಣ, ಪೆಟ್ರೋಲು ಹಾಗೂ ವಸೂಲಾಗದ ಉದ್ರಿಗೆ ರೂ. 18,000 ಕಳೆಯಿರಿ. ಉಳಿದ 60 ದಿನ ಸ್ವಂತ ಹೊಲದ ಕೆಲಸದ ರೂ. 24,000 ಸೇರಿಸಿ. ರೂ. 1,14,000 ಆಯಿತು, ಅಂದರೆ ಕೂಲಿಗಿಂತ ರೂ. 42,000 ಹೆಚ್ಚು. ಇಲ್ಲಿ ಅಪಾಯ ಉದ್ರಿಯದೇ. ಅಣ್ಣತಮ್ಮಂದಿರ ಊರಲ್ಲಿ ಕೈಚಾಚಿ ಹಣ ಕೇಳಲು ಸಂಕೋಚಪಡುವ ಹುಡುಗ ಎಷ್ಟೇ ಜಾಣನಾದರೂ ಈ ಕಸುಬಿನಲ್ಲಿ ಸೋಲುತ್ತಾನೆ.

ಸ್ವಂತ ಯಂತ್ರವಿದ್ದರೆ

ನಮ್ಮ ದೃಷ್ಟಿಯಲ್ಲಿ ನಿಜವಾದ ಲಾಭ ಇರುವುದು ಇಲ್ಲಿ. ಟ್ರ್ಯಾಕ್ಟರು ಬಾಡಿಗೆಗೆ ಗಂಟೆಗೆ ರೂ. 1,000ದಂತೆ ದಿನಕ್ಕೆ 8 ಗಂಟೆ ದುಡಿದು, ಡೀಸೆಲು ಮತ್ತು ಚಾಲಕನ ಕೂಲಿ ಕಳೆದು ರೂ. 3,500 ಉಳಿಸುತ್ತದೆ ಎನ್ನೋಣ. ಹಂಗಾಮಿನಲ್ಲಿ ಆರು ದಿನ ನಿಂತರೆ ರೂ. 21,000 ಹೋಯಿತು, ರಿಪೇರಿಯ ಬಿಲ್ಲು ಬೇರೆ. ಬ್ಯಾಂಕಿನ ಕಂತು ಮಾತ್ರ ಆರು ದಿನ ಕಾಯುವುದಿಲ್ಲ.

ಯಂತ್ರ ನಿಲ್ಲಲು ಕಾರಣ ಅನೇಕ ಸಲ ಅತಿ ಚಿಕ್ಕದು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆ ಬಿರುಕು ಬಿಟ್ಟಿರುತ್ತದೆ. ಹೊಲದ ಧೂಳು ಸೋಸದೆ ಒಳಗೆ ಹೋಗಿ ಪಿಸ್ಟನ್ ರಿಂಗು, ಸಿಲಿಂಡರುಗಳನ್ನು ತೇಯುತ್ತದೆ. ಕೆಲವು ನೂರು ರೂಪಾಯಿಯ ಕೊಳವೆಗಾಗಿ ಹತ್ತಾರು ಸಾವಿರದ ಎಂಜಿನ್ ಕೆಲಸ ಬೀಳುತ್ತದೆ. ಕೆಸರು ಹೊಡೆಯುವಾಗ ಮುಂದಿನ ಗಾಲಿಯ ಆಯಿಲ್ ಸೀಲು ಸವೆದಿದ್ದರೆ ಕೆಸರುನೀರು ಬೇರಿಂಗಿಗೆ ಇಳಿಯುತ್ತದೆ. ಡೀಸೆಲಿನಲ್ಲಿ ನೀರು ಸೇರಿದ್ದರೆ ಇಂಜೆಕ್ಷನ್ ಪಂಪು ಕೆಡುತ್ತದೆ. ಕಲಿತ ಹುಡುಗ ಇವನ್ನು ಯಂತ್ರ ನಿಲ್ಲುವ ಮೊದಲೇ ಕಾಣುತ್ತಾನೆ. ವರ್ಷಕ್ಕೆ ಇಂತಹ ಒಂದು ನಿಲುಗಡೆ ತಪ್ಪಿದರೂ ಮೇಲಿನ ರೂ. 42,000ಕ್ಕೆ ರೂ. 21,000 ಕೂಡಿಕೊಳ್ಳುತ್ತದೆ.

"ನಮ್ಮೂರ ಮೇಸ್ತ್ರಿ ಯಾವ ಶಾಲೆಗೂ ಹೋಗದೆ ಕಲಿತಿಲ್ಲವೇ?" ಎಂದು ನೀವು ಕೇಳಬಹುದು. ಹೌದು, ಹಳೆಯ ಎಂಜಿನ್ನಿಗೆ ಅವನ ಕೈ ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲ. ಆದರೆ 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಕಟ್ಟುನಿಟ್ಟಾದ ಹೊಗೆ ನಿಯಮ ಬಂದಿದೆ. ಇಂಧನ ಚಿಮ್ಮಿಸುವುದನ್ನು ಎಲೆಕ್ಟ್ರಾನಿಕ್ ಘಟಕ ನಿಯಂತ್ರಿಸುವ ಕಾಮನ್ ರೈಲ್ ಎಂಜಿನ್ನುಗಳು ಹೊಲಕ್ಕಿಳಿದಿವೆ. ಸದ್ದು ಕೇಳಿ ದೋಷ ಹೇಳುವ ಜಾಣತನ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ.

ಸೇರಿಸುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಸಂಸ್ಥೆಯ ಕಾರ್ಯಾಗಾರದ ಒಳಗೆ ಹೋಗಿ ನೋಡಿ. ಹುಡುಗರ ಕೈಗೆ ಎಣ್ಣೆ ಹತ್ತಿದೆಯೇ? ಬಿಚ್ಚಿದ ಎಂಜಿನ್ನು ಮೇಜಿನ ಮೇಲಿದೆಯೇ, ಅಥವಾ ಗಾಜಿನ ಕಪಾಟಿನಲ್ಲಿದೆಯೇ? ಖಾಸಗಿ ಸಂಸ್ಥೆಯಾದರೆ ಆ ವೃತ್ತಿಗೆ ರಾಷ್ಟ್ರೀಯ ಮಾನ್ಯತೆ ಇದೆಯೇ ಎಂದು ಪತ್ರ ತೋರಿಸಲು ಕೇಳಿ. ಮಾನ್ಯತೆ ಇಲ್ಲದ ಕಡೆ ಕಟ್ಟಿದ ಶುಲ್ಕ ಮೇಲಿನ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಒಂದು ವರ್ಷ ಬಿಡುವು ಮಾಡಿಕೊಳ್ಳಲಾಗದವರು, ಈಗಾಗಲೇ ಟ್ರ್ಯಾಕ್ಟರು ಕೊಂಡವರು, ನೆರೆಯ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯನ್ನು ವಿಚಾರಿಸಬಹುದು. ಅಲ್ಲಿ ಯಂತ್ರದ ಆಯ್ಕೆ, ಚಾಲನೆ, ನಿರ್ವಹಣೆ ಕುರಿತು ರೈತರಿಗೆ ಅಲ್ಪಾವಧಿ ತರಬೇತಿಗಳಿವೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಕಡೆಯವರಿಗೆ ದೂರವೇನಲ್ಲ. ಬಿತ್ತನೆ, ಕೊಯ್ಲುಗಳಿಲ್ಲದ ದಿನ ನೋಡಿಕೊಂಡು ಮೊದಲೇ ಪತ್ರ ಬರೆದು ಸ್ಥಳ ಗೊತ್ತುಮಾಡಿಕೊಳ್ಳಿ.