ಹೊಳೆದಂಡೆಯ ಚೌಡದಾನಪುರ: ನೋಡುವುದೇನು? ಮಾಡುವುದೇನು?



ಹೋದ ತಿಂಗಳು ಸಮಾಜ ವಿಜ್ಞಾನದ ತರಗತಿಯಲ್ಲಿ ಕರಾವಳಿಯ ಪಾಠ ನಡೆದಿತ್ತು. ಗೋಕರ್ಣ, ಮುರ್ಡೇಶ್ವರ, ಮಲ್ಪೆ ಎಂದು ಹೆಸರುಗಳು ಬಂದವು. ಹಿಂದಿನ ಸಾಲಿನಿಂದ ಒಬ್ಬ, “ಸರ್, ನಮ್ಮ ಜಿಲ್ಲಾದಾಗ ಸಮುದ್ರನ ಇಲ್ಲ. ನೋಡಾಕ ಏನೂ ಇಲ್ಲ ಬಿಡ್ರಿ” ಅಂದ. ಎಲ್ಲರೂ ನಕ್ಕೆವು. ಸರ್ ಮಾತ್ರ ನಗಲಿಲ್ಲ. “ಸಮುದ್ರ ಇಲ್ಲ, ಖರೆ. ಹೊಳಿ ಐತಿ, ಹೊಳಿಗೆ ದಂಡಿ ಐತಿ. ಆ ದಂಡಿ ಮ್ಯಾಲೆ ಏನೇನು ಐತಿ ಅಂತ ನೋಡ್ಕೊಂಡು ಬಂದು ಗೋಡೆಪತ್ರಿಕೆಗೆ ಬರೀರಿ” ಅಂದರು. ಆ ಕೆಲಸ ನನ್ನ ಪಾಲಿಗೆ ಬಂತು.

ಬ್ಯಾಡಗಿ ಅಂದರೆ ಮೆಣಸಿನಕಾಯಿ, ಹಾವೇರಿ ಅಂದರೆ ಏಲಕ್ಕಿ ಹಾರ, ರಾಣೇಬೆನ್ನೂರು ಅಂದರೆ ಬಿತ್ತನೆ ಬೀಜ ಮತ್ತು ಕೃಷ್ಣಮೃಗ. ಇಷ್ಟು ನಮಗೆಲ್ಲ ಗೊತ್ತು. ಆದರೆ ರಾಣೇಬೆನ್ನೂರು ತಾಲ್ಲೂಕಿನಲ್ಲೇ ತುಂಗಭದ್ರೆಯ ದಂಡೆಯ ಮೇಲೆ ಚೌಡದಾನಪುರ ಎಂಬ ಸಣ್ಣ ಊರು ಇದೆ. ನಮ್ಮಲ್ಲಿ ಎಷ್ಟು ಜನ ಅದನ್ನು ಸರಿಯಾಗಿ ನೋಡಿದ್ದೇವೆ? ನಾನೂ ಮೊದಲ ಸಲ ಹೋದಾಗ ನೋಡಿರಲಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

1. ಮೊದಲು ಹೊಳೆಯನ್ನು ನೋಡಿ

ತುಂಗೆ ಮತ್ತು ಭದ್ರೆ ಎರಡೂ ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮಘಟ್ಟದಲ್ಲಿ, ಗಂಗಾಮೂಲದಲ್ಲಿ ಹುಟ್ಟುತ್ತವೆ. ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ಒಂದಾಗುತ್ತವೆ. ಹುಟ್ಟಿದ ಜಾಗದಿಂದ ಅರಬ್ಬಿ ಸಮುದ್ರ ಹತ್ತಿರ. ಆದರೂ ನೀರು ಆ ಕಡೆ ಹೋಗದೆ ನಮ್ಮ ಕಡೆ ಬಂದು, ಮುಂದೆ ಕೃಷ್ಣೆಯನ್ನು ಸೇರಿ, ದೂರದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಯಾಕೆ? ಪಾಟಿಯನ್ನು ಒಂದು ಬದಿಗೆ ಸ್ವಲ್ಪ ಎತ್ತಿ ಹಿಡಿದು ಮೇಲೆ ನೀರು ಹನಿಸಿ. ನೀರು ಎತ್ತಿದ ಬದಿಯ ಅಂಚಿಗೆ ಎಷ್ಟೇ ಹತ್ತಿರ ಬಿದ್ದರೂ ಇಳಿಜಾರಿನ ಕಡೆಗೇ ಹರಿಯುತ್ತದೆ. ನಮ್ಮ ನಾಡೂ ಹಾಗೆ. ಪಶ್ಚಿಮಘಟ್ಟದ ಅಂಚು ಎತ್ತರ, ಪೂರ್ವದ ಕಡೆ ಇಳಿಜಾರು.

ಆದರೆ ನಮ್ಮ ಜಿಲ್ಲೆಯ ಅಂಚಿನಲ್ಲಿ ಹೊಳೆ ಒಟ್ಟಾರೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ನಾವು ಇರುವುದು ಪಶ್ಚಿಮದ ದಂಡೆ. ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ದಂಡೆಯಲ್ಲಿ ನಿಂತರೆ ನೀರು ನಿಮ್ಮ ಬಲಗೈ ಕಡೆಯಿಂದ ಎಡಗೈ ಕಡೆಗೆ ಹೋಗುತ್ತದೆ.

ಮಾಡಿ ನೋಡಿ: ದಂಡೆಯ ಮೇಲೆ 10 ಮೀಟರು ಅಳೆದು ಎರಡು ಕಡ್ಡಿ ನೆಡಿ. ಮೇಲಿನ ಕಡ್ಡಿಯ ಹತ್ತಿರ ಒಂದು ಒಣಗಿದ ಎಲೆ ನೀರಿಗೆ ಎಸೆಯಿರಿ. ಕೆಳಗಿನ ಕಡ್ಡಿಗೆ ಬರಲು 20 ಸೆಕೆಂಡು ಹಿಡಿದರೆ ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರು, ಅಂದರೆ ಗಂಟೆಗೆ 1.8 ಕಿಲೋಮೀಟರು. ಇದನ್ನು ಗುರುಗಳ ಜೊತೆ ಹೋದಾಗ, ನೀರಿಗೆ ಇಳಿಯದೆ, ದಂಡೆಯ ಮೇಲೆ ನಿಂತೇ ಮಾಡಬೇಕು.

2. ದಾಟುವ ಜಾಗ

ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟಿಸುವವನು ಅಂಬಿಗ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಈ ಊರಿನವರು ಎಂಬುದು ಪರಂಪರೆ. ಗುತ್ತಲದ ಅರಸ ಕೊಟ್ಟ ಊರನ್ನು ಚೌಡಯ್ಯ ತನಗೆ ಇಟ್ಟುಕೊಳ್ಳದೆ ಗುರುವಿಗೆ ದಾನ ಮಾಡಿದರು, ಅದಕ್ಕೇ ಇದು ‘ಚೌಡಯ್ಯ-ದಾನ-ಪುರ’ ಆಯಿತು ಎಂದು ಹಿರಿಯರು ಹೇಳುತ್ತಾರೆ. ಅವರ ಐಕ್ಯಮಂಟಪ ಹೊಳೆಯ ದಂಡೆಯಲ್ಲಿದೆ.

ಬೇರೆ ವಚನಕಾರರು ವಚನದ ಕೊನೆಗೆ ತಮ್ಮ ಇಷ್ಟದೇವರ ಹೆಸರನ್ನು ಅಂಕಿತವಾಗಿ ಇಟ್ಟರು. ಚೌಡಯ್ಯ ತಮ್ಮ ಹೆಸರನ್ನೇ ಇಟ್ಟರು. ಅವರ 200ಕ್ಕೂ ಹೆಚ್ಚು ವಚನಗಳು ಸಿಕ್ಕಿವೆ. ನೇರವಾದ, ಖಾರವಾದ ಮಾತು. ಯಾರಿಗೂ ಹೆದರಿ ಬರೆದದ್ದಲ್ಲ.

ಅಂಬಿಗರ ಹರಿಗೋಲು ದುಂಡಗೆ ಇರುತ್ತದೆ. ಬಿದಿರಿನ ಸೀಳಿನಿಂದ ದೊಡ್ಡ ಬುಟ್ಟಿಯಂತೆ ಹೆಣೆದು ಹಿಂದಿನ ಕಾಲದಲ್ಲಿ ಚರ್ಮ ಹೊದಿಸುತ್ತಿದ್ದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಹೊಳೆಯ ಮೇಲೆ ಇಂಥ ದುಂಡು ದೋಣಿಗಳನ್ನು ನೋಡಿ ಆಶ್ಚರ್ಯಪಟ್ಟು ಬರೆದಿದ್ದಾನೆ. ಹರಿಗೋಲಿಗೆ ಮುಂದೆ-ಹಿಂದೆ ಅಂತ ಇಲ್ಲ. ಒಂದೇ ಬದಿಗೆ ಹುಟ್ಟು ಹಾಕಿದರೆ ಗಿರ್ರನೆ ತಿರುಗುತ್ತದೆ. ಆದರೆ ತಳ ಚಪ್ಪಟೆ ಇರುವುದರಿಂದ ನೀರು ಕಡಿಮೆ ಇದ್ದರೂ, ಕೆಳಗೆ ಬಂಡೆ ಇದ್ದರೂ ಸಾಗುತ್ತದೆ. ನಮ್ಮ ಹೊಳೆಗೆ ತಕ್ಕ ದೋಣಿ.

ಆಚೆ ದಂಡೆಯನ್ನೂ ಕಣ್ಣು ಹಾಯಿಸಿ ನೋಡಿ. ಅದು 2021ರಲ್ಲಿ ಆದ ವಿಜಯನಗರ ಜಿಲ್ಲೆ. ನಮ್ಮ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಬ್ರಿಟಿಷರ ಕಾಲದಲ್ಲಿ ಈ ದಂಡೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಆ ದಂಡೆ ಮದ್ರಾಸು ಪ್ರಾಂತಕ್ಕೆ! ಎರಡೂ ಕಡೆ ಕನ್ನಡವೇ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, 1956ರ ನವೆಂಬರ್ 1ರಂದು ನಮ್ಮ ಕಡೆಯೂ ಸೇರಿತು. ಅಲ್ಲಿಯವರೆಗೆ ಹೊಳೆ ದಾಟಿದ ಅಂಬಿಗ ಒಂದೊಂದು ಸಲಕ್ಕೂ ಪ್ರಾಂತ ದಾಟುತ್ತಿದ್ದ.

3. ಬಳಪದ ಕಲ್ಲಿನ ಗುಡಿ

ದಂಡೆಯ ಮೇಲೆ ಮುಕ್ತೇಶ್ವರ ಗುಡಿ ಇದೆ. ಕಲ್ಯಾಣ ಚಾಲುಕ್ಯರ ಕಾಲದ ಶೈಲಿ. ಒಂದೇ ಗರ್ಭಗುಡಿ. ದೊಡ್ಡದಲ್ಲ. ಆದರೆ ಶಿಖರದ ಬುಡದಿಂದ ತುದಿಯವರೆಗೆ ಕೆತ್ತನೆ ಇಲ್ಲದ ಜಾಗ ಹುಡುಕಬೇಕು. ಹೊರಗೋಡೆಯಲ್ಲಿ ಸಣ್ಣ ಸಣ್ಣ ಗುಡಿಗಳ ಆಕಾರಗಳಿವೆ, ಎಷ್ಟು ಇವೆ ಅಂತ ಎಣಿಸಿ. ಬಾಗಿಲವಾಡದ ಕೆತ್ತನೆಯನ್ನು ಹತ್ತಿರ ನಿಂತು ನೋಡಿ.

ಇಷ್ಟು ಸೂಕ್ಷ್ಮ ಕೆಲಸ ಕಲ್ಲಿನಲ್ಲಿ ಹೇಗೆ ಆಯಿತು? ಇದು ಬಳಪದ ಕಲ್ಲು. ನಾವು ಪಾಟಿಯ ಮೇಲೆ ಬರೆದ ಬಳಪದ ಜಾತಿಯದು. ನೆಲದಿಂದ ತೆಗೆದಾಗ ಮೆದು. ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಬರಬರುತ್ತ ಗಟ್ಟಿಯಾಗುತ್ತದೆ. ಆದರೂ ಗ್ರಾನೈಟಿನಷ್ಟು ಗಟ್ಟಿ ಆಗುವುದಿಲ್ಲ. ಕಬ್ಬಿಣ ತಾಗಿದರೆ ಗೀರು ಬೀಳುತ್ತದೆ. ಈ ಮಾತು ನೆನಪಿಡಿ.

4. ಕಲ್ಲಿನ ಮೇಲಿನ ಪಾಠ

ಗುಡಿಯ ಆವರಣದಲ್ಲಿ ಎತ್ತರದ ಶಾಸನದ ಕಲ್ಲುಗಳಿವೆ. ಹಳೆಯ ಕನ್ನಡ ಲಿಪಿ. ಹತ್ತಿರದ ಗುತ್ತಲದಿಂದ ಆಳಿದ ಗುತ್ತರು ಎಂಬ ಅರಸರ ಬಗ್ಗೆ, ಇಲ್ಲಿದ್ದ ಗುರುಗಳ ಬಗ್ಗೆ, ಕೊಟ್ಟ ದಾನಗಳ ಬಗ್ಗೆ ಅವುಗಳಲ್ಲಿ ಬರೆದಿದೆ. ಶಿವದೇವ ಎಂಬ ವೀರಶೈವ ಗುರು 1225ರ ಆಗಸ್ಟ್ 19ರಂದು ಈ ಊರಿಗೆ ಬಂದರು ಎಂದು ಶಾಸನದ ಆಧಾರದಿಂದ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ದಿನವೂ ಸಿಕ್ಕಿದೆ ನೋಡಿ!

ಲೆಕ್ಕ ಹೇಗೆ? ಶಾಸನಗಳಲ್ಲಿ ಶಕವರ್ಷ ಇರುತ್ತದೆ. ಅದಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ನಮ್ಮ ಇಸವಿ ಸಿಗುತ್ತದೆ. ಶಕ 1147 + 78 = 1225. ಸಂವತ್ಸರದ ಹೆಸರೂ ಇದ್ದರೆ ತಾಳೆ ನೋಡಬಹುದು. ಸಂವತ್ಸರಗಳು 60. ನಮ್ಮ ಪಂಚಾಂಗದಂತೆ 2005ರ ಯುಗಾದಿಗೆ ಬಂದದ್ದು ಪಾರ್ಥಿವ. ಹಿಂದಕ್ಕೆ 13 ಸಲ 60 ಕಳೆದರೆ 1225. ಅಂದರೆ ಅದೂ ಪಾರ್ಥಿವವೇ.

ಇಂಥ ಕಲ್ಲುಗಳ ತಲೆಯ ಮೇಲೆ ಸಾಮಾನ್ಯವಾಗಿ ಲಿಂಗ, ಆಕಳು-ಕರು, ಸೂರ್ಯ-ಚಂದ್ರ ಇರುತ್ತವೆ. ಸೂರ್ಯ ಚಂದ್ರ ಇರುವ ತನಕ ಈ ದಾನ ನಡೆಯಲಿ ಎಂದು ಅರ್ಥ. ಓದು ಬಾರದವರೂ ಆ ಚಿತ್ರ ನೋಡಿ, ‘ಇದು ದಾನದ ಕಲ್ಲು, ಕೆಡಿಸಬಾರದು’ ಎಂದು ತಿಳಿಯುತ್ತಿದ್ದರು.

5. ಸಮಯ ಉಳಿದರೆ

ಹೊಳೆಯ ಗುಂಟ ಇನ್ನೂ ಊರುಗಳಿವೆ. ಹಾವೇರಿ ತಾಲ್ಲೂಕಿನ ನರಸೀಪುರದಲ್ಲಿ ಅಂಬಿಗರ ಚೌಡಯ್ಯನವರ ಗುರುಪೀಠವಿದೆ. ಗಳಗನಾಥದಲ್ಲಿ ವರದಾ ನದಿ ಬಂದು ತುಂಗಭದ್ರೆಗೆ ಕೂಡುತ್ತದೆ. ಅಲ್ಲಿ 11ನೆಯ ಶತಮಾನದ ಗಳಗೇಶ್ವರ ಗುಡಿಯ ಬುಡಕ್ಕೆ ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಇಳಿಜಾರು ಕಟ್ಟಿದ್ದಾರೆ. ನಮ್ಮ ಜಿಲ್ಲೆಯ ಬೇರೆ ಗುಡಿಗಳಲ್ಲಿ ನಾನು ಅಂಥದ್ದು ನೋಡಿಲ್ಲ. ಆ ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡವರು ಕಾದಂಬರಿಕಾರ ಗಳಗನಾಥರು (1869–1942). ಹುಟ್ಟೂರು ಹಾವನೂರು. ಮೂಲ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಜನ ಕನ್ನಡ ಓದಲಿ ಎಂದು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು.

6. ಹೋಗುವಾಗ ನೆನಪಿಡಿ

- ಬುತ್ತಿ, ನೀರಿನ ಬಾಟಲಿ, ಟೋಪಿ, ನೋಟುಪುಸ್ತಕ, ಅಳತೆ ಪಟ್ಟಿ ಇರಲಿ. ತಿಂದ ಕಾಗದ, ಪ್ಲಾಸ್ಟಿಕ್ಕು ವಾಪಸು ತನ್ನಿ.
- ವಾಪಸು ಬರುವ ಕೊನೆಯ ಬಸ್ಸಿನ ವೇಳೆಯನ್ನು ಹೋದ ಕೂಡಲೇ ಕೇಳಿಕೊಳ್ಳಿ.
- ಹಿರಿಯರಿಲ್ಲದೆ ಹೊಳೆಗೆ ಇಳಿಯಬೇಡಿ. ಉಸುಕು ತೆಗೆದ ಕಡೆ ನೀರಿನ ಕೆಳಗೆ ಗುಂಡಿ ಇರುತ್ತದೆ. ಮೇಲಿಂದ ಕಾಣುವುದಿಲ್ಲ. ಮೊಳಕಾಲುದ್ದ ನೀರು ಒಂದೇ ಹೆಜ್ಜೆಗೆ ತಲೆಯ ಮೇಲೆ ಬರಬಹುದು. ಈಜು ಬಂದರೂ ಸರಿ, ಇಳಿಯಬೇಡಿ.
- ಮಳೆಗಾಲದಲ್ಲಿ ನಮ್ಮಲ್ಲಿ ಮಳೆ ಇಲ್ಲದಿದ್ದರೂ ಮಲೆನಾಡಿನ ಮಳೆಗೆ ಹೊಳೆ ಏರುತ್ತದೆ.
- ಶಾಸನಕ್ಕೆ ಎಣ್ಣೆ, ಸುಣ್ಣ, ಬಣ್ಣ ಹಚ್ಚಬೇಡಿ. ಅಕ್ಷರದ ಮೇಲೆ ಸೀಮೆಸುಣ್ಣವೂ ಬೇಡ.
- ಗುಡಿ ಸಂರಕ್ಷಿತ ಸ್ಮಾರಕ. ಸಂರಕ್ಷಿತ ಸ್ಮಾರಕ ಕೆಡಿಸಿದರೆ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

7. ಬರೆಯಲೇಬೇಕಾದ ಒಂದು ಮಾತು

ಕೊನೆಯ ಸೂಚನೆಯನ್ನು ಬರೆಯುವಾಗ ನನ್ನ ಕೈ ನಿಂತಿತು. ನಾಲ್ಕನೇ ತರಗತಿಯಲ್ಲಿದ್ದಾಗ ನಾನು ಅಜ್ಜನ ಸಂಗಡ ಅಲ್ಲಿಗೆ ಹೋಗಿದ್ದೆ. ಅಜ್ಜ ದೇವರ ಮುಂದೆ ನಿಂತಿದ್ದ. ನನ್ನ ಕಿಸೆಯಲ್ಲಿ ಬುಗುರಿ ಇತ್ತು. ಅದರ ಮೊಳೆಯಿಂದ ಒಂದು ಕಂಬದ ಬುಡದಲ್ಲಿ ನನ್ನ ಹೆಸರು ಗೀಚತೊಡಗಿದೆ. ಎರಡು ಅಕ್ಷರ ಆಗುವಷ್ಟರಲ್ಲಿ ಅಜ್ಜ ಬಂದ.

“ಏನ್ ಬರದಿಯೋ?” ಅಂದ.

“ನನ್ನ ಹೆಸರು” ಅಂದೆ.

ಅಜ್ಜನಿಗೆ ಓದು ಬರುತ್ತಿರಲಿಲ್ಲ. ಬೈಯಲಿಲ್ಲ. ಮೊಮ್ಮಗನಿಗೆ ಅಕ್ಷರ ಬಂತು ಅಂತ ಅವನಿಗೆ ಖುಷಿಯೇ ಆಯಿತು. ನನ್ನ ಕೈ ಹಿಡಿದು ಶಾಸನದ ಕಲ್ಲಿನ ಮುಂದೆ ನಿಲ್ಲಿಸಿ, “ಹಂಗಾರ ಇದನ್ನ ಓದು ನೋಡೂಣು. ನಾ ಸಣ್ಣಾವ ಇದ್ದಾಗಿಂದ ನೋಡೇನಿ. ಏನ್ ಬರದಾರ ಅಂತ ಒಬ್ಬರೂ ಹೇಳಿಲ್ಲ” ಅಂದ. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. “ನಮ್ಮ ಸಾಲ್ಯಾಗ ಇನ್ನೂ ಕಲಿಸಿಲ್ಲಜ್ಜಾ” ಅಂದೆ. “ಕಲಿಸಿದ ಮ್ಯಾಲೆ ಬಂದು ಹೇಳು” ಅಂದ.

ಅಜ್ಜ ಈಗ ಇಲ್ಲ. ಈ ಲೇಖನಕ್ಕಾಗಿ ಸರ್ ಜೊತೆ ಹೋದಾಗ ಆ ಕಂಬ ಹುಡುಕಿದೆ. ಎರಡು ಅಕ್ಷರ ಹಾಗೇ ಇದ್ದವು. ಒದ್ದೆ ಬಟ್ಟೆಯಿಂದ ತಿಕ್ಕತೊಡಗಿದೆ. ಅಲ್ಲಿದ್ದ ಹಿರಿಯರೊಬ್ಬರು ನೋಡಿ, “ತಿಕ್ಕಬ್ಯಾಡೋ ತಮ್ಮಾ. ನೀ ತಿಕ್ಕಿದಷ್ಟೂ ಕಲ್ಲು ಸವೀತೈತಿ, ಗೀರು ಹೋಗಂಗಿಲ್ಲ” ಅಂದರು. ಬಿಟ್ಟೆ.

ಚೌಡಯ್ಯನವರೂ ತಮ್ಮ ಹೆಸರು ಬರೆದರು. ಆದರೆ ಮೊದಲು ಒಂದು ಮಾತು ಹೇಳಿ, ಅದರ ಕೊನೆಗೆ ಹೆಸರು ಇಟ್ಟರು. ಶಾಸನ ಕೆತ್ತಿದವನು ಇನ್ನೊಬ್ಬರ ದಾನವನ್ನು 800 ವರ್ಷ ಕಾಯ್ದಿಟ್ಟ. ನನ್ನ ಎರಡು ಅಕ್ಷರ ಏನನ್ನೂ ಹೇಳುವುದಿಲ್ಲ. ನಾನು ಅಲ್ಲಿಗೆ ಹೋಗಿ ಏನೂ ನೋಡದೆ ಬಂದೆ ಎಂಬುದನ್ನಷ್ಟೇ ಹೇಳುತ್ತವೆ.

ಅವತ್ತು ಸರ್ ತೋರಿಸಿದ ಮೇಲೆ ಶಾಸನದಲ್ಲಿ ಗ, ನ, ಮ, ರ ಗುರುತಿಸಿದೆ. ಉಳಿದವನ್ನೂ ಕಲಿಯುತ್ತೇನೆ. ಅಜ್ಜನಿಗೆ ಹೇಳುವುದು ಆಗಲಿಲ್ಲ. ಆ ಕಲ್ಲಿನ ಮುಂದೆ ನಿಂತು ಕೇಳುವ ಬೇರೆ ಅಜ್ಜಂದಿರಿಗೆ ಹೇಳಬಹುದು.

ಪ್ರಶ್ನೆಗಳು (ಉತ್ತರವನ್ನು ಗೋಡೆಪತ್ರಿಕೆಯ ಪೆಟ್ಟಿಗೆಗೆ ಹಾಕಿ)

1. ತುಂಗಭದ್ರೆಯ ನೀರು ಅರಬ್ಬಿ ಸಮುದ್ರಕ್ಕೆ ಏಕೆ ಹೋಗುವುದಿಲ್ಲ?
2. ಶಕ 1110 ಎಂದರೆ ಯಾವ ಇಸವಿ?
3. ಬಳಪದ ಕಲ್ಲಿನ ಗುಣವೇನು? ಅದೇ ಗುಣದಿಂದ ಆಗುವ ತೊಂದರೆ ಏನು?
4. 1950ರಲ್ಲಿ ಚೌಡದಾನಪುರದ ಅಂಬಿಗ ಆಚೆ ದಂಡೆಗೆ ಹೋದರೆ ಯಾವ ರಾಜ್ಯದಿಂದ ಯಾವ ರಾಜ್ಯಕ್ಕೆ ಹೋದಂತೆ?
5. ನಿಮ್ಮ ಓಣಿಯಲ್ಲಿ, ಹೊಲದಲ್ಲಿ, ಕೆರೆಯ ದಂಡೆಯಲ್ಲಿ ಅಕ್ಷರ ಇರುವ ಕಲ್ಲು ಇದೆಯೇ? ಬಟ್ಟೆ ಒಗೆಯುವ ಕಲ್ಲನ್ನೂ, ದನ ಕಟ್ಟುವ ಕಲ್ಲನ್ನೂ ಸುತ್ತ ತಿರುಗಿ ನೋಡಿ. ಇದ್ದರೆ ಕೈ ಹಚ್ಚದೆ, ಎಲ್ಲಿದೆ ಎಂದು ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ನಮ್ಮೂರಿನ ಕಲ್ಲುಗಳ ಪಟ್ಟಿ ಹಾಕೋಣ.