ಮಿಲ್ಲಿಗೆ ದಿಮ್ಮಿ ಹಾಕುವ ಮುನ್ನ

ಮನೆಗೆಂದು ಹಿತ್ತಲ ಹಲಸನ್ನೋ ಮತ್ತಿಯನ್ನೋ ಕೊಯ್ಸುವವರಿದ್ದರೆ, ಮೊದಲು ಮಿಲ್ಲಿನಲ್ಲಿರುವ ಗರಗಸ ಯಾವುದೆಂದು ನೋಡಿ. ದುಂಡು ಬ್ಲೇಡು ಒಂದೊಂದು ಕೊಯ್ತಕ್ಕೂ ಸುಮಾರು 5 ಮಿಲಿಮೀಟರ್ ಮರವನ್ನು ಹೊಟ್ಟು ಮಾಡುತ್ತದೆ, ಬ್ಯಾಂಡ್ ಸಾ ಸುಮಾರು 2 ಮಿಲಿಮೀಟರ್ ಮಾತ್ರ. ಎಂಟು ಕೊಯ್ತಕ್ಕೆ ಹತ್ತಿರಹತ್ತಿರ ಒಂದಿಂಚಿನ ಹಲಗೆಯೇ ಉಳಿಯಿತಲ್ಲ! ರೀಪು, ಪಕಾಸು ಸೀಳಲು ಮಾತ್ರ ದುಂಡು ಗರಗಸವೇ ಚುರುಕು. ಹಳ್ಳ ತೋಡಿ ಮೇಲೊಬ್ಬ ಕೆಳಗೊಬ್ಬ ನಿಂತು ಎಳೆಯುತ್ತಿದ್ದ ಕೈಗರಗಸವನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕೆಳಗಿನವನ ಕಣ್ಣಿಗೆಲ್ಲ ಹೊಟ್ಟು, ಅದರ ಬಗ್ಗೆ ನನಗೆ ಹಂಬಲವೇನಿಲ್ಲ.

ಮನೆ ಹತ್ತಿರದ ಮರವಾದರೆ ಬಟ್ಟೆ ಹಗ್ಗದ ಮೊಳೆ, ಬೇಲಿ ತಂತಿ ಒಳಗೆ ಸೇರಿಕೊಂಡಿರುತ್ತವೆ. ಮತ್ತಿಯಂಥ ಒಗರಿನ ಮರದಲ್ಲಿ ಕಬ್ಬಿಣವಿದ್ದ ಕಡೆ ಕಪ್ಪು ಕಲೆ ಕಾಣುತ್ತದೆ. ಗೊತ್ತಿದ್ದರೆ ಮುಚ್ಚಿಡಬೇಡಿ, ಮೊದಲೇ ಹೇಳಿ. ನಾನು ಮಿಲ್ಲಿನಲ್ಲಿ ದಿಮ್ಮಿಯ ಟ್ರಾಲಿ ತಳ್ಳುತ್ತಿದ್ದಾಗ ಒಂದು ಮೊಳೆಗೆ ಸಿಕ್ಕಿ ಬ್ಯಾಂಡ್ ಸಾ ಬ್ಲೇಡು ತುಂಡಾಗಿ, ಚಾಟಿಯಂತೆ ಬೀಸಿ ಗೋಡೆಗೆ ಬಡಿಯಿತು. ಬ್ಲೇಡಿನ ನೇರಕ್ಕೆ ಯಾರೂ ನಿಂತಿರಲಿಲ್ಲ, ಸದ್ಯ.

ಕೊಯ್ಸಿದ ಹಲಗೆಯನ್ನು ಬಿಸಿಲಿಗೆ ಒಡ್ಡಬೇಡಿ. ನೆರಳಲ್ಲಿ, ನಡುನಡುವೆ ಒಂದೇ ದಪ್ಪದ ರೀಪು ಇಟ್ಟು ಪೇರಿಸಿ, ತುದಿಗಳಿಗೆ ಬಣ್ಣ ಬಳಿಯಿರಿ, ಇಲ್ಲವಾದರೆ ಸೀಳುತ್ತದೆ. ಬಡಗಿ ಅವಸರ ಮಾಡಿದರೂ ಇಂಚು ದಪ್ಪಕ್ಕೆ ವರ್ಷದ ಲೆಕ್ಕದಲ್ಲಿ ಒಣಗಲು ಬಿಡಿ.